ಬೂವನಹಳ್ಳಿ ವಿಮಾನದ ಸದ್ದಿಗೆ ಕಾನೂನಿನ ಕಡಿವಾಣ ಬೀಳುವುದು ಎಲ್ಲಿ?

ಪ್ರಶ್ನೆ: ಹಾಸನದ ಹತ್ತಿರ ಬೂವನಹಳ್ಳಿಯಲ್ಲಿ ಕಟ್ಟುತ್ತಿರುವ ವಿಮಾನ ನಿಲ್ದಾಣದಿಂದ ನಮ್ಮ ಮನೆ ಸುಮಾರು ಮೂರು ಕಿಲೋಮೀಟರ್. ಎರಡು ಹಸು, ಒಂದು ಸಣ್ಣ ಕೋಳಿ ಫಾರ್ಮ್ ಇದೆ. ಊರಿನಲ್ಲಿ ಸರ್ಕಾರಿ ಶಾಲೆಯಿದೆ. ವಿಮಾನ ಓಡಾಡಲು ಶುರುವಾದ ಮೇಲೆ ಸದ್ದು ಹೆಚ್ಚಾದರೆ ಯಾವ ಕಾನೂನಿನಡಿ ದೂರು ಕೊಡಬೇಕು? ರಾತ್ರಿ ಹೊತ್ತು ವಿಮಾನ ಬರಕೂಡದೆಂದು ಗ್ರಾಮ ಪಂಚಾಯಿತಿಯಿಂದ ಠರಾವು ಮಾಡಿಸಿದರೆ ನಡೆಯುತ್ತದೆಯೇ? ಈಗಾಗಲೇ ಸುತ್ತ ಲೇಔಟುಗಳು ಏಳುತ್ತಿವೆ.
– ಹಾಸನದ ಓದುಗರೊಬ್ಬರು

ಉತ್ತರ: ಠರಾವಿನ ವಿಷಯ ಮೊದಲು ಮುಗಿಸಿಬಿಡೋಣ. ರಾತ್ರಿ ವಿಮಾನ ಬರಕೂಡದೆಂಬ ಠರಾವು ನಡೆಯುವುದಿಲ್ಲ. ವಿಮಾನ, ವಿಮಾನ ಸಂಚಾರ, ನಿಲ್ದಾಣಗಳ ನಿಯಂತ್ರಣ ಇವಿಷ್ಟೂ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ, 29ನೇ ನಮೂದಿನಲ್ಲಿವೆ. ಪಂಚಾಯಿತಿ ಇರಲಿ, ವಿಧಾನಸಭೆಗೂ ಅಲ್ಲಿ ಕೈಹಾಕಲು ಅಧಿಕಾರವಿಲ್ಲ. ಆದರೆ ಭೂಮಿ, ಸ್ಥಳೀಯ ಆಡಳಿತ, ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯವು. ಆಕಾಶ ದೆಹಲಿಯದು, ನೆಲ ಬೆಂಗಳೂರಿನದು ಮತ್ತು ನಿಮ್ಮೂರಿನದು ಎಂದು ಇಟ್ಟುಕೊಳ್ಳಿ. ನಿಮ್ಮ ಪಂಚಾಯಿತಿ ನೆಲದ ಬಗ್ಗೆ ಠರಾವು ಮಾಡಿದರೆ ಅದಕ್ಕೆ ತೂಕವಿದೆ, ಆಕಾಶದ ಬಗ್ಗೆ ಮಾಡಿದರೆ ಅದೊಂದು ಮನವಿ ಮಾತ್ರ.

ಇದು ನಮ್ಮ ದೇಶದ ಕೊರತೆಯೇನಲ್ಲ. ಅಮೆರಿಕದ ಬರ್ಬ್ಯಾಂಕ್ ನಗರಸಭೆ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಜೆಟ್ ವಿಮಾನಗಳ ಟೇಕಾಫ್ ನಿಷೇಧಿಸಿತ್ತು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆಕಾಶ ಕೇಂದ್ರದ ವಿಷಯ ಎಂದು ಅದನ್ನು ತೆಗೆದುಹಾಕಿತು. ರಾತ್ರಿ ನಿರ್ಬಂಧ ಗಟ್ಟಿಯಾಗಿ ನಿಂತಿರುವುದು ಅಧಿಕಾರ ಇರುವವರೇ ಅದನ್ನು ತಂದ ಕಡೆ. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗಿನ ನಿರ್ಬಂಧಕ್ಕೆ 1995ರಲ್ಲಿ ಆಸ್ಟ್ರೇಲಿಯಾದ ಸಂಸತ್ತೇ ಪ್ರತ್ಯೇಕ ಕಾಯ್ದೆ ಮಾಡಿತು. ಭಾರತದಲ್ಲಿ ಅಂಥ ಕಾಯ್ದೆ ಇಲ್ಲ.

ಇನ್ನೊಂದು ಬಾಗಿಲೂ ಅರ್ಧ ಮುಚ್ಚಿದೆ. ಸದ್ದಿನಿಂದ ಕಿರುಕುಳ ಎಂದು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದಲ್ಲ ಎಂದು ಹಲವರು ಕೇಳುತ್ತಾರೆ. 1934ರ ವಿಮಾನ ಕಾಯ್ದೆಯ 17ನೇ ಕಲಂ ಇದನ್ನೇ ತಡೆದಿತ್ತು. ಗಾಳಿ, ಹವೆ, ಸಂದರ್ಭ ನೋಡಿ ಸಮಂಜಸ ಎನ್ನಬಹುದಾದ ಎತ್ತರದಲ್ಲಿ ವಿಮಾನ ಹಾರಿದರೆ, ಹಾರಿತು ಎಂಬ ಒಂದೇ ಕಾರಣಕ್ಕೆ ಅತಿಕ್ರಮಣ ಅಥವಾ ಕಿರುಕುಳದ ದಾವೆ ಹೂಡುವಂತಿಲ್ಲ. ಆ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಹಳೆಯದರ ಬಹುಪಾಲನ್ನು ಅದು ಉಳಿಸಿಕೊಂಡಿರುವುದರಿಂದ, ದಾವೆಯ ಮಾತು ಬಂದರೆ ವಕೀಲರಿಗೆ ಮೊದಲು ಅದನ್ನು ತೆಗೆದು ಓದಲು ಹೇಳಿ.

ಈಗ ಮುಖ್ಯ ವಿಷಯ: ಡೆಸಿಬಲ್ ಮಿತಿ. ಸದ್ದು ಜಾಸ್ತಿಯಾದರೆ ಮಿತಿ ದಾಟುತ್ತದೆ, ದಾಟಿದರೆ ದೂರು ಕೊಡುತ್ತೇವೆ ಎಂಬುದು ಎಲ್ಲರ ಎಣಿಕೆ. ಆದರೆ ಸಣ್ಣ ನಿಲ್ದಾಣಗಳ ಮಟ್ಟಿಗೆ ಆ ಎಣಿಕೆ ತಪ್ಪುತ್ತದೆ. ಯಾಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ನಿಶ್ಶಬ್ದ ವಲಯಕ್ಕೆ 50 ಮತ್ತು 40. ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10. 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ‘ವಿಮಾನ ನಿಲ್ದಾಣ ಶಬ್ದ ವಲಯ’ ಎಂಬ ಹೊಸ ಪಟ್ಟಿ ಹೊರಡಿಸಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ವಿಮಾನ ಏರಿಳಿಯುವ ನಿಲ್ದಾಣಗಳ ವಲಯದಲ್ಲಿ 70 ಮತ್ತು 65. ಉಳಿದ ನಿಲ್ದಾಣಗಳಿಗೆ 65 ಮತ್ತು 60. ‘ಪ್ರಸ್ತಾವಿತ ನಿಲ್ದಾಣಗಳನ್ನು ಬಿಟ್ಟು’ ಎಂಬ ಮಾತೂ ಅದರಲ್ಲೇ ಇದೆ. ಈ ಸಣ್ಣ ಮಾತನ್ನು ಮರೆಯಬೇಡಿ, ಮತ್ತೆ ಬರುತ್ತದೆ.

ಈ ಎಲ್ಲ ಅಂಕಿಗಳೂ ಸರಾಸರಿ. ನಿಮ್ಮ ತಲೆಯ ಮೇಲೆ ವಿಮಾನ ಹಾದ ಕ್ಷಣದಲ್ಲಿ ಮೀಟರ್ ತೋರಿಸಿದ ಅಂಕಿಯಲ್ಲ. ಹಗಲಿನ 16 ಗಂಟೆಯಲ್ಲಿ, ಅಂದರೆ 57,600 ಸೆಕೆಂಡಿನಲ್ಲಿ, ಆದ ಸದ್ದಿನ ಶಕ್ತಿಯನ್ನೆಲ್ಲ ಸಮನಾಗಿ ಹರಡಿ ತೆಗೆದ ಅಂಕಿ. ಒಂದು ವಿಮಾನ ಹಾದುಹೋಗುವಾಗಿನ ಒಟ್ಟು ಸದ್ದನ್ನು ಒಂದು ಸೆಕೆಂಡಿಗೆ ಅಡಕ ಮಾಡಿ ಹೇಳುವ ಅಳತೆಯೊಂದಿದೆ, ಎಸ್‌ಇಎಲ್ ಎನ್ನುತ್ತಾರೆ. ಸಣ್ಣ ನಿಲ್ದಾಣಗಳಿಗೆ ಸಾಮಾನ್ಯವಾಗಿ ಬರುವುದು ಎಟಿಆರ್ 72ರಂಥ ಎರಡು ಪ್ರೊಪೆಲರ್ ವಿಮಾನ. ಶಿವಮೊಗ್ಗದಲ್ಲಿ 2023ರ ಆಗಸ್ಟ್ 31ರಂದು ಸೇವೆ ಶುರುವಾದದ್ದೂ ಅದರಲ್ಲೇ. ನಿಮ್ಮ ಮನೆಯಂಗಳದಲ್ಲಿ ಅದರ ಎಸ್‌ಇಎಲ್ 85 ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಡೆಸಿಬಲ್ ಲೆಕ್ಕದಲ್ಲಿ ಸದ್ದು ಹತ್ತು ಪಟ್ಟಾದರೆ 10 ಕೂಡಿಸಬೇಕು, ಅದನ್ನು 57,600 ಸೆಕೆಂಡಿಗೆ ಹರಡಿದರೆ 47.6 ಕಳೆಯಬೇಕು. ದಿನಕ್ಕೆ ಹತ್ತು ವಿಮಾನ ಹಾದರೆ ಹಗಲಿನ ಸರಾಸರಿ 85ಕ್ಕೆ 10 ಕೂಡಿಸಿ 47.6 ಕಳೆದರೆ ಸಿಗುವ 47.4. ಅಷ್ಟೇ! 65ರ ಮಿತಿ ಮುಟ್ಟಬೇಕಾದರೆ ಹಗಲೊಂದರಲ್ಲೇ ಸುಮಾರು 575 ವಿಮಾನ ನಿಮ್ಮ ಮನೆಯ ಮೇಲೆ ಹಾಯಬೇಕು. ಎಸ್‌ಇಎಲ್ 90 ಎಂದು ಹಿಡಿದರೂ 182 ಬೇಕು. ದೇಶ ‘ದಟ್ಟಣೆಯ ನಿಲ್ದಾಣ’ ಎಂದು ಕರೆಯುವ ಗೆರೆಯೇ ದಿನಕ್ಕೆ ಸರಾಸರಿ 137. ಅಲ್ಲಿಗೆ, ಹಗಲಿನ 65ರ ಮಿತಿ ಹಾಸನದಂಥ ನಿಲ್ದಾಣಕ್ಕೆ ಇದ್ದೂ ಇಲ್ಲದಂತೆ.

ರಾತ್ರಿಯ ಲೆಕ್ಕ ಇನ್ನೂ ಮುಖ್ಯ. ಅದೇ 85ರ ವಿಮಾನ, ಎಂಟು ಗಂಟೆ ರಾತ್ರಿ. ನಿಮ್ಮ ಮನೆ ವಸತಿ ಪ್ರದೇಶ ಎನಿಸಿಕೊಂಡರೆ ಮೂರನೇ ವಿಮಾನಕ್ಕೇ 45ರ ಮಿತಿ ದಾಟುತ್ತದೆ. ಅದೇ ಮನೆ ‘ವಿಮಾನ ನಿಲ್ದಾಣ ಶಬ್ದ ವಲಯ’ದೊಳಗೆ ಬಂದರೆ 60 ಮುಟ್ಟಲು 91 ವಿಮಾನ ಬೇಕು. ಮನೆಯೂ ಅದೇ, ವಿಮಾನವೂ ಅದೇ, ನಿದ್ದೆಯೂ ನಿಮ್ಮದೇ. ನಕ್ಷೆಯ ಮೇಲಿನ ಒಂದು ಗೆರೆಯಿಂದ 3 ಹೋಗಿ 91 ಆಗುತ್ತದೆ. ಹಾಗಾಗಿ ಡೆಸಿಬಲ್‌ಗಿಂತ ಆ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದರ ಮೇಲೆ ಕಣ್ಣಿಡಿ. ಪ್ರಸ್ತಾವಿತ ನಿಲ್ದಾಣಗಳಿಗೆ ಆ ಸಡಿಲ ಪಟ್ಟಿ ಅನ್ವಯಿಸುವುದಿಲ್ಲವಾದ್ದರಿಂದ, ನಿಲ್ದಾಣ ಶುರುವಾಗುವ ತನಕ ನೀವು ಆ ಗೆರೆಯ ಹೊರಗೇ ಇದ್ದೀರಿ. ಮಾಡಬೇಕಾದ ಕೆಲಸಕ್ಕೆ ಇದೇ ಹೊತ್ತು.

ದೂರಿನ ಬಗ್ಗೆ ಇನ್ನೊಂದು ತೊಡಕು ಹೇಳಿಬಿಡಬೇಕು. ಶಬ್ದಮಾಲಿನ್ಯ ನಿಯಮಗಳ 7ನೇ ನಿಯಮದಡಿ ಮಟ್ಟದ ಆಧಾರದ ಮೇಲೆ ದೂರು ಕೊಡಬೇಕಾದರೆ ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಮೇಲಿರಬೇಕು. 45ರ ಜಾಗದಲ್ಲಿ 55 ಬೇಕು. ನಮ್ಮ ಲೆಕ್ಕದಲ್ಲಿ ರಾತ್ರಿಗೆ 29 ವಿಮಾನ. ಹಾಗಾಗಿ ಆ ದಾರಿ ವಿಮಾನಕ್ಕಿಂತ ನಿಲ್ದಾಣದ ನೆಲದ ಮೇಲಿನ ಸದ್ದಿಗೆ, ಜನರೇಟರ್, ಎಂಜಿನ್ ಪರೀಕ್ಷೆ ಇತ್ಯಾದಿಗೆ, ಹೆಚ್ಚು ಉಪಯೋಗ.

ಹಾಗಾದರೆ ಎಲ್ಲಿ ಹಿಡಿಯಬೇಕು? ಮೊದಲು ಕಾಗದಪತ್ರ. ವಾಣಿಜ್ಯ ನಿಲ್ದಾಣಗಳು 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ 7(ಎ) ಬಾಬಿನಲ್ಲಿ ಬರುತ್ತವೆ. ಪರಿಸರ ಅನುಮತಿ ಪತ್ರ, ಅಧ್ಯಯನ ವರದಿಯ ಶಬ್ದದ ಅಧ್ಯಾಯ, ಸಾರ್ವಜನಿಕ ಅಹವಾಲಿನ ನಡಾವಳಿ ಮೂರನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ. ಅನುಮತಿಯ ಷರತ್ತುಗಳನ್ನು ಪಾಲಿಸಿದ ಬಗ್ಗೆ ನಿಲ್ದಾಣದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಅರ್ಧವಾರ್ಷಿಕ ವರದಿ ಕೊಡಬೇಕು. ಜನ ಮರೆಯುವುದು ಇದನ್ನೇ. ವರದಿಯಲ್ಲಿ ಶಬ್ದ ಅಳೆದ ಜಾಗಗಳ ಪಟ್ಟಿ ಇರುತ್ತದೆ. ಅವೆಲ್ಲ ಕಾಂಪೌಂಡಿನೊಳಗಿನ ಜಾಗಗಳೇ ಆಗಿದ್ದರೆ, ನಿಮ್ಮ ಮೊದಲ ಬೇಡಿಕೆ ಸಿದ್ಧವಾಯಿತು.

ಸಿಗದ ಕಾಗದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಎಲ್ಲವನ್ನೂ ಒಂದೇ ಅರ್ಜಿಗೆ ತುರುಕಿದರೆ ಅದೇ ಕಾರಣ ಕೊಟ್ಟು ವಾಪಸ್ ಕಳಿಸುತ್ತಾರೆ. ಒಂದರಲ್ಲಿ ರನ್‌ವೇ ಸಂಖ್ಯೆ, ಉದ್ದ, ಎರಡೂ ತುದಿಗಳ ಅಕ್ಷಾಂಶ ರೇಖಾಂಶ ಕೇಳಿ. ಇನ್ನೊಂದರಲ್ಲಿ ಶಬ್ದದ ರೇಖಾನಕ್ಷೆ, ಅಂದರೆ ಯಾವ ಜಾಗದಲ್ಲಿ ಎಷ್ಟು ಸದ್ದು ಎಂದು ಗೆರೆಗಳಲ್ಲಿ ತೋರಿಸುವ ನಕ್ಷೆ. ಮತ್ತೊಂದರಲ್ಲಿ ನಿಲ್ದಾಣ ತೆರೆದಿರುವ ಉದ್ದೇಶಿತ ಸಮಯ, ಎಂಜಿನ್ ಪರೀಕ್ಷೆಯ ಜಾಗ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ರನ್‌ವೇ ಸಂಖ್ಯೆ ಸಿಕ್ಕಿದ ದಿನ ಒಂದು ಹಾಳೆ, ಸ್ಕೇಲು ಹಿಡಿದು ಕೂತುಕೊಳ್ಳಿ. ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ದಿಕ್ಸೂಚಿಯ ಕೋನ. 09 ಎಂದರೆ ಪೂರ್ವಕ್ಕೆ, 27 ಎಂದರೆ ಪಶ್ಚಿಮಕ್ಕೆ. ರನ್‌ವೇಯ ಗೆರೆಯನ್ನು ಎರಡೂ ತುದಿಯಿಂದ ಐದು ಕಿಲೋಮೀಟರ್ ಮುಂದಕ್ಕೆ ಎಳೆಯಿರಿ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ, ರನ್‌ವೇ ಅಂಚನ್ನು ಸುಮಾರು 15 ಮೀಟರ್ ಎತ್ತರದಲ್ಲಿ ದಾಟುತ್ತದೆ, ಹಿಂದಕ್ಕೆ ಹೋದಂತೆ ಕಿಲೋಮೀಟರಿಗೆ 52 ಮೀಟರ್ ಏರುತ್ತದೆ. ಎರಡು ಕಿಲೋಮೀಟರಿನಲ್ಲಿ 120 ಮೀಟರ್, ಮೂರರಲ್ಲಿ 170ರ ಆಸುಪಾಸು, ಐದರಲ್ಲಿ 280ರ ಹತ್ತಿರ. ನಿಮ್ಮ ಮನೆ ಮೂರು ಕಿಲೋಮೀಟರ್ ಎಂದಿರಿ. ಆ ಮೂರು ಕಿಲೋಮೀಟರ್ ಗೆರೆಯ ಮೇಲಿದೆಯೋ, ಪಕ್ಕದಲ್ಲಿದೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ. ಗೆರೆಯ ಮೇಲಿದ್ದರೆ ತಲೆಯ ಮೇಲೆ 170 ಮೀಟರ್. ಗೆರೆಗೆ ಅಡ್ಡಲಾಗಿ ಮೂರು ಕಿಲೋಮೀಟರ್ ಇದ್ದರೆ ಎಟಿಆರ್ ಸದ್ದು ನಿಮಗೆ ದೂರದ ಹೆದ್ದಾರಿಯಷ್ಟೂ ಕಾಡಲಿಕ್ಕಿಲ್ಲ. ‘ನಿಲ್ದಾಣದಿಂದ ಎಷ್ಟು ದೂರ’ ಎಂಬ ಪ್ರಶ್ನೆಯೇ ಅರ್ಧ ತಪ್ಪು.

ನೆಲದ ಕಾನೂನು ಕೆಲಸಕ್ಕೆ ಬರುವುದು ಇಲ್ಲಿಂದ. ಶಬ್ದಮಾಲಿನ್ಯ ನಿಯಮಗಳ 3ನೇ ನಿಯಮ ಅಭಿವೃದ್ಧಿ ಪ್ರಾಧಿಕಾರ, ಸ್ಥಳೀಯ ಸಂಸ್ಥೆಗಳಿಗೆ ಒಂದು ಹೊಣೆ ಹೊರಿಸಿದೆ: ಯೋಜನೆ ಮಾಡುವಾಗ ಶಬ್ದದ ಎಲ್ಲ ಅಂಶಗಳನ್ನೂ ಪರಿಗಣಿಸಬೇಕು. ಹಾಸನ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ (ಹುಡಾ), ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಗೆ, ಪಂಚಾಯಿತಿಗೆ ಬರೆಯುವ ಪ್ರತಿ ಪತ್ರದಲ್ಲೂ ಈ ನಿಯಮ ಮೊದಲ ಸಾಲಿನಲ್ಲಿರಲಿ. ಕೇಳಬೇಕಾದದ್ದು ಇಷ್ಟು: ರೇಖಾನಕ್ಷೆ ಸಿದ್ಧವಾಗುವವರೆಗೆ ರನ್‌ವೇ ಗೆರೆಯ ಎರಡೂ ತುದಿಗೆ ಐದು ಕಿಲೋಮೀಟರ್, ಅಕ್ಕಪಕ್ಕ ತಲಾ ಒಂದು ಕಿಲೋಮೀಟರ್ ಪಟ್ಟಿಯಲ್ಲಿ ಹೊಸ ವಸತಿ ಲೇಔಟು, ಶಾಲೆ, ಆಸ್ಪತ್ರೆಗೆ ಅನುಮತಿ ಬೇಡ, ಗೋದಾಮು, ಶೀತಲಗೃಹ, ಕೃಷಿ ಇರಲಿ. ಐದು ಮತ್ತು ಒಂದು ಎಂಬುದು ಕಾನೂನಿನ ಅಂಕಿಯಲ್ಲ, ಎಟಿಆರ್ ಮಟ್ಟದ ನಿಲ್ದಾಣಕ್ಕೆ ತಾತ್ಕಾಲಿಕವಾಗಿ ಹಾಕಿಕೊಳ್ಳಬಹುದಾದ ಎಚ್ಚರಿಕೆಯ ಅಳತೆ. ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಗಡುವು ಇರುತ್ತದೆ. ಅದರೊಳಗೆ ಸರ್ವೆ ನಂಬರು ಸಮೇತ ಬರೆದುಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿಲ್ದಾಣದ ಸುತ್ತಲಿನ ನೆಲಕ್ಕೇ ಪ್ರತ್ಯೇಕ ಯೋಜನಾ ಪ್ರಾಧಿಕಾರ ಇರುವುದು ಕರ್ನಾಟಕಕ್ಕೆ ಹೊಸದೇನಲ್ಲ, ದೇವನಹಳ್ಳಿಯ ಸುತ್ತ ಬಯಾಪ ಇದೆ. ಏರ್‌ಸ್ಟ್ರಿಪ್ ಪ್ರಸ್ತಾಪದ ಮಾತು ಕೇಳಿಬರುವ ಚಿಕ್ಕಮಗಳೂರಿನವರೂ ಇದನ್ನು ಗಮನಿಸಬೇಕು. ಗೆರೆ ಎಳೆಯುವ ಮೊದಲೇ ಕೇಳುವುದು ಅವರಿಗೆ ಇನ್ನೂ ಸುಲಭ.

ಲೇಔಟುಗಳ ವಿಷಯದಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಕಾಣುತ್ತದೆ. ‘ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿ ಇದೆ’ ಎಂದು ಬ್ರೋಷರಿನಲ್ಲಿ ಹಾಕಿರುತ್ತಾರೆ. ಅದು 2015ರ ಎತ್ತರ ನಿರ್ಬಂಧ ನಿಯಮಗಳಡಿ ಸಿಗುವ ನಿರಾಕ್ಷೇಪಣೆ. ಕಟ್ಟಡ, ಟವರ್, ಹೊಗೆಕೊಳವೆ ವಿಮಾನಕ್ಕೆ ಅಡ್ಡ ಬರುವುದಿಲ್ಲ ಎಂದಷ್ಟೇ ಅದರ ಅರ್ಥ. ವಿಮಾನ ಕಟ್ಟಡದೊಳಗಿನವರಿಗೆ ಎಷ್ಟು ಸದ್ದು ಮಾಡುತ್ತದೆ ಎಂದು ಅದು ನೋಡುವುದೇ ಇಲ್ಲ. ಸೈಟು ಕೊಳ್ಳುವವರಿಗೆ ಕ್ರಯಪತ್ರದಲ್ಲೇ ‘ಈ ಜಾಗ ವಿಮಾನ ಹಾದಿಯ ಕೆಳಗಿದೆ’ ಎಂದು ಬರೆದು ತಿಳಿಸಬೇಕೆಂಬ ಷರತ್ತನ್ನು ಲೇಔಟ್ ಅನುಮೋದನೆಗೇ ಸೇರಿಸಲು ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ನಿಲ್ದಾಣದ ಪ್ರಭಾವ ವಲಯದ ಆಸ್ತಿ ಮಾರುವಾಗ ಇಂಥ ತಿಳಿವಳಿಕೆ ಕಡ್ಡಾಯ. ಪಂಚಾಯಿತಿ ಠರಾವು ಮಾಡುವುದಾದರೆ ಇದನ್ನು ಮಾಡಲಿ.

ಶಾಲೆಯ ವಿಷಯ. ಶಾಲೆ ಇದ್ದ ಮಾತ್ರಕ್ಕೆ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ ಆಗಿಬಿಡುವುದಿಲ್ಲ, ಸರ್ಕಾರ ಘೋಷಿಸಬೇಕು. ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಜಂಟಿಯಾಗಿ ಜಿಲ್ಲಾಧಿಕಾರಿಗೆ ಮನವಿ ಕೊಟ್ಟು, ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಹಾಸನ ಪ್ರಾದೇಶಿಕ ಕಚೇರಿಗೆ ಕಳಿಸಲಿ. ಊರಿನ ಪ್ರದೇಶವನ್ನು ‘ವಸತಿ’ ಎಂದು ವರ್ಗೀಕರಿಸಲು ಕೂಡ ಅದೇ ಮನವಿಯಲ್ಲಿ ಕೇಳಿ. ಯಾವ ವರ್ಗವೂ ಇಲ್ಲದ ಊರಿಗೆ ಯಾವ ಮಿತಿ ಎಂಬ ವಾದದಲ್ಲೇ ವರ್ಷ ಕಳೆದುಹೋಗುತ್ತದೆ.

ರಾತ್ರಿ ಹಾರಾಟದ ಬೇಡಿಕೆ ಹೋಗಬೇಕಾದದ್ದು ನಾಗರಿಕ ವಿಮಾನಯಾನ ಸಚಿವಾಲಯಕ್ಕೆ, ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ಮತ್ತು ನಿಲ್ದಾಣ ನಡೆಸುವವರಿಗೆ. ‘ರಾತ್ರಿ ವಿಮಾನ ಬೇಡ’ ಎಂದರೆ ಕಡತ ಮುಚ್ಚುತ್ತದೆ. ‘ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಗದಿತ ಪ್ರಯಾಣಿಕ ವಿಮಾನ, ತರಬೇತಿ ಹಾರಾಟ, ಎಂಜಿನ್ ಪರೀಕ್ಷೆ ಬೇಡ, ತುರ್ತು ಮತ್ತು ವೈದ್ಯಕೀಯ ಹಾರಾಟಕ್ಕೆ ವಿನಾಯಿತಿ ಇರಲಿ’ ಎಂದು ಬರೆಯಿರಿ. ವಿಐಪಿ ವಿಮಾನವನ್ನು ವಿನಾಯಿತಿಗೆ ನೀವಾಗಿ ಸೇರಿಸಬೇಡಿ, ಅದನ್ನು ಸೇರಿಸಲು ಬೇರೆಯವರಿದ್ದಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2001ರಲ್ಲಿ ಒಪ್ಪಿದ ‘ಸಮತೋಲಿತ ವಿಧಾನ’ದಲ್ಲಿ ನಾಲ್ಕು ಅಂಗಗಳಿವೆ: ವಿಮಾನದಲ್ಲೇ ಸದ್ದು ತಗ್ಗಿಸುವುದು, ನೆಲಬಳಕೆ ಯೋಜನೆ, ಹಾರಾಟದ ವಿಧಾನ, ಕೊನೆಗೆ ನಿರ್ಬಂಧ. ನಿರ್ಬಂಧವೊಂದನ್ನೇ ಮೊದಲಿಗೆ ಕೇಳಿದರೆ ಉಳಿದ ಮೂರು ನೋಡಿದಿರಾ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ನೆಲದ ಮನವಿ ಮೊದಲು ಹೋಗಿರಬೇಕು.

ತರಬೇತಿ ಹಾರಾಟ ಎಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಣ್ಣ ನಿಲ್ದಾಣಗಳಲ್ಲಿ ಜನರನ್ನು ನಿಜವಾಗಿ ಕಾಡುವುದು ದಿನಕ್ಕೆರಡು ಎಟಿಆರ್ ಅಲ್ಲ. ಫ್ಲೈಯಿಂಗ್ ಸ್ಕೂಲು ಬಂದರೆ ಒಂದೇ ಎಂಜಿನ್ನಿನ ಪುಟ್ಟ ವಿಮಾನ ಸುಮಾರು ಸಾವಿರ ಅಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾಣದ ಎತ್ತಿನಂತೆ ಸುತ್ತುತ್ತದೆ. ಸರಾಸರಿಯಲ್ಲಿ ಅದು ಕಾಣುವುದೂ ಇಲ್ಲ. ಸುತ್ತುವ ದಿಕ್ಕನ್ನು ಊರುಗಳಿಲ್ಲದ ಬದಿಗೆ ನಿಗದಿ ಮಾಡಿ, ಭಾನುವಾರ ರಜೆ ಇಡಿ ಎಂದು ಮೊದಲೇ ಬರೆದುಕೊಡಿ.

ಸಾಕ್ಷ್ಯ ಈಗಲೇ ಮಾಡಿಟ್ಟುಕೊಳ್ಳಬೇಕು. ವಿಮಾನ ಬರುವ ಮುಂಚಿನ ಸದ್ದು ಎಷ್ಟಿತ್ತು ಎಂಬ ದಾಖಲೆ ಇಲ್ಲದಿದ್ದರೆ ಮುಂದೆ ‘ಹೆಚ್ಚಾಯಿತು’ ಎಂದು ತೋರಿಸಲಾಗದು. ಮೊಬೈಲ್ ಆ್ಯಪಿನ ಸ್ಕ್ರೀನ್‌ಶಾಟ್ ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ. ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಿಂದ, ಒಂದನೇ ದರ್ಜೆಯ ಮೀಟರಿನಲ್ಲಿ, ಎರಡು ಪೂರ್ತಿ ದಿನ ಅಳತೆ ಮಾಡಿಸಿ. ನಾಲ್ಕೈದು ಮನೆಯವರು ಸೇರಿದರೆ ಖರ್ಚು ಹಂಚಿಹೋಗುತ್ತದೆ. ಮೈಕು ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಗೋಡೆಯಿಂದ ಮೂರೂವರೆ ಮೀಟರ್ ದೂರದಲ್ಲಿ, ಗಾಳಿತಡೆ ಸ್ಪಂಜಿನೊಂದಿಗೆ ಇರಬೇಕು. ಅಳತೆಗೆ ಮೊದಲು ಮತ್ತು ನಂತರ 94 ಡೆಸಿಬಲ್ ಕ್ಯಾಲಿಬ್ರೇಟರಿನಿಂದ ಪರೀಕ್ಷಿಸಿದ್ದು ವರದಿಯಲ್ಲಿರಲಿ. ಮಳೆ, ಜೋರು ಗಾಳಿ, ಊರ ಹಬ್ಬದ ದಿನ ಬೇಡ. ಜೀರುಂಡೆ ಕೂಗುವ ಕಾಲದಲ್ಲಿ ಅಳೆದರೆ ಹಿನ್ನೆಲೆ ಸದ್ದೇ ಮೇಲಿದ್ದು, ನಿಮ್ಮ ದಾಖಲೆ ನಿಮಗೇ ತಿರುಗಿಬೀಳುತ್ತದೆ.

ಪತ್ರಗಳಿಗೆ ಉತ್ತರ ಬಾರದಿದ್ದರೆ ಹಸಿರು ನ್ಯಾಯಮಂಡಳಿ. ಕರ್ನಾಟಕ ಚೆನ್ನೈನ ದಕ್ಷಿಣ ಪೀಠದ ವ್ಯಾಪ್ತಿ. ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ 2010ರ ಕಾಯ್ದೆಯ 16ನೇ ಕಲಂ; 30 ದಿನ, ಸಕಾರಣವಿದ್ದರೆ ಇನ್ನೂ 60. ಷರತ್ತು ಪಾಲಿಸುತ್ತಿಲ್ಲ, ನಿಯಮ ಜಾರಿಯಾಗುತ್ತಿಲ್ಲ ಎಂಬುದಕ್ಕೆ 14ನೇ ಕಲಂ. ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು. ಗಡುವು ತಪ್ಪಿದ ಅರ್ಜಿ ಎಷ್ಟೇ ನ್ಯಾಯವಾಗಿದ್ದರೂ ಬಾಗಿಲಲ್ಲೇ ನಿಲ್ಲುತ್ತದೆ.

ಇನ್ನು ನಿಮ್ಮ ಕೋಳಿ ಫಾರ್ಮ್. ವಿಮಾನದ ಸದ್ದಿನ ಬಗ್ಗೆ ಜಗತ್ತಿನ ಅತಿ ಪ್ರಸಿದ್ಧ ತೀರ್ಪು ಹುಟ್ಟಿದ್ದೇ ಕೋಳಿಯಿಂದ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕಾಸ್ಬಿ ಎಂಬ ರೈತ ಕುಟುಂಬದ ಜಾಗದ ಮೇಲೆ ಸೇನೆಯ ವಿಮಾನಗಳು 83 ಅಡಿ ಎತ್ತರದಲ್ಲಿ ಇಳಿಯುತ್ತಿದ್ದವು. ಹೆದರಿದ ಕೋಳಿಗಳು ಗೋಡೆಗೆ ಹಾರಿ ಬಡಿದುಕೊಂಡು ಸುಮಾರು 150 ಸತ್ತವು, ಫಾರ್ಮ್ ಮುಚ್ಚಿತು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಷ್ಟು ತಗ್ಗಿನಲ್ಲಿ ಅಷ್ಟು ಸಲ ಹಾರುವುದು ಜಮೀನನ್ನೇ ಕಿತ್ತುಕೊಂಡಂತೆ, ಪರಿಹಾರ ಕೊಡಬೇಕು ಎಂದಿತು. ನಮ್ಮಲ್ಲಿ ಆ ತೀರ್ಪು ಬಂಧಿಸುವುದಿಲ್ಲ. ಆದರೆ ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಕಲಂ ಪರಿಹಾರಕ್ಕೆ ದಾರಿ ಇಟ್ಟಿದೆ, ಅದಕ್ಕೆ ಗಡುವು ಐದು ವರ್ಷ. ಅಲ್ಲಿ ಗೆಲ್ಲಿಸುವುದು ಪುಸ್ತಕ. ಈಗಿನಿಂದಲೇ ದಿನದ ಸಾವಿನ ಲೆಕ್ಕ, ಮೇವಿನ ತೂಕ, ಡೇರಿಗೆ ಹಾಕಿದ ಹಾಲಿನ ಚೀಟಿ ಇಟ್ಟುಕೊಳ್ಳಿ. ವಿಮಾನ ಶುರುವಾದ ಮೇಲೆ ಅದೇ ಪುಸ್ತಕದಲ್ಲಿ ಹಾದುಹೋದ ಗಂಟೆ ನಿಮಿಷ ಸೇರಿಸಿ. ಒಂದೇ ಸಲ ಹೆಚ್ಚು ಕೋಳಿ ಸತ್ತರೆ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಏಕೆಂದರೆ ರಾಣಿಖೇತ್ ರೋಗದಿಂದ ಸತ್ತಿಲ್ಲ ಎಂದು ಬರೆದುಕೊಡಬೇಕಾದವರು ಅವರೇ. ಬೆದರಿದ ಕೋಳಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟುತ್ತವೆ. ಶೆಡ್ಡಿನ ನಾಲ್ಕು ಮೂಲೆಗೂ ತಗಡು ಅಥವಾ ಬಿದಿರು ತಟ್ಟಿ ಬಾಗಿಸಿ ಕಟ್ಟಿ ದುಂಡಗೆ ಮಾಡಿ, ರಾತ್ರಿ ಒಂದು ಮಂದ ಬಲ್ಬು ಉರಿಯಲಿ.